ಎಂಜಿನ್ ಮೊದಲೋ, ಟ್ರಿಮ್ ಮೊದಲೋ? ಮಹದೇವಪುರದ ರಸ್ತೆಗೊಂದು ಲೆಕ್ಕ

ಪ್ಲೇಸ್‌ಮೆಂಟ್ ಸೀಸನ್ ಶುರುವಾದ್ರೆ ನಮ್ಮ ಕ್ಯಾಂಟೀನ್‌ನಲ್ಲಿ ಎರಡೇ ಮಾತು. ಒಂದು, ಯಾರಿಗೆ ಎಷ್ಟು ಪ್ಯಾಕೇಜ್ ಸಿಕ್ತು. ಇನ್ನೊಂದು, ಆ ಪ್ಯಾಕೇಜ್‌ಗೆ ಯಾವ ಕಾರು ಬರತ್ತೆ. ಮಹದೇವಪುರ, ಹೂಡಿ, ಐಟಿಪಿಎಲ್ ಕಡೆ ಕೆಲಸಕ್ಕೆ ಸೇರುವ ಸೀನಿಯರ್‌ಗಳಲ್ಲಿ ಸುಮಾರು ಜನಕ್ಕೆ ಮೊದಲ ಕಾರೇ 'ಸ್ವಲ್ಪ ಸ್ಪೋರ್ಟಿ' ಆಗಿರಬೇಕು. ಅದಕ್ಕೆ ಏಳು ವರ್ಷದ ಸಾಲ ಬೇರೆ. ಎರಡು ವರ್ಷ ಕಳೆದರೆ ಆ ಜಾಗದಲ್ಲಿ ನಾವೇ ಇರ್ತೀವಿ. ಹಾಗಾಗಿ ಈ ಸಲದ ಪಾಠ ಇದೇ: ಒಂದೇ ಕಾರು ಎರಡು ಎಂಜಿನ್, ನಾಲ್ಕಾರು ಟ್ರಿಮ್‌ಗಳಲ್ಲಿ ಸಿಗುವಾಗ ಆರಿಸೋದು ಹೇಗೆ? ಫಸ್ಟ್ ಇಯರ್‌ನಲ್ಲಿ ಓದಿದ ಫಿಸಿಕ್ಸ್ ಸಾಕು, ಕ್ಯಾಲ್ಕುಲೇಟರ್ ಒಂದು ಇಟ್ಕೊಳ್ಳಿ.

ಎರಡು ಪದ, ಒಂದು ಉದಾಹರಣೆ

ಎಂಜಿನ್ ಅಂದರೆ ಎಲ್ಲರಿಗೂ ಗೊತ್ತು. ಟ್ರಿಮ್ ಅಂದರೆ ಅದೇ ಕಾರಿನ ಸಜ್ಜಿಕೆಯ ಮಟ್ಟ: ಸೀಟು, ಸ್ಕ್ರೀನ್, ಸನ್‌ರೂಫ್, ಚಕ್ರದ ಅಳತೆ, ಗ್ರಿಲ್‌ನ ಬಣ್ಣ, ಮತ್ತೆ ಕೆಲವು ಸುರಕ್ಷತೆಯ ಭಾಗಗಳು. ಗೊಂದಲ ಶುರುವಾಗೋದು ಇವೆರಡೂ ಬೆರೆತಾಗ.

ಫೋಕ್ಸ್‌ವ್ಯಾಗನ್ ವರ್ಟಸ್ ತಗೊಳ್ಳಿ. 2022ರ ಜೂನ್‌ನಲ್ಲಿ ಈ ಸೆಡಾನ್ ಭಾರತದಲ್ಲಿ ಎರಡು ಪೆಟ್ರೋಲ್ ಟರ್ಬೊ ಎಂಜಿನ್‌ಗಳ ಜತೆ ಬಂತು. ಮೂರು ಸಿಲಿಂಡರಿನ 1.0 ಲೀಟರ್: 115 ಪಿಎಸ್, 178 ನ್ಯೂಟನ್ ಮೀಟರ್. ನಾಲ್ಕು ಸಿಲಿಂಡರಿನ 1.5 ಲೀಟರ್: 150 ಪಿಎಸ್, 250 ನ್ಯೂಟನ್ ಮೀಟರ್. ಆಗ 'ಜಿಟಿ' ಅಂತ ಬರೆದಿದ್ದರೆ 1.5 ಎಂಜಿನ್ ಇದೆ ಅಂತಲೇ ಅರ್ಥ. 2024ರ ಅಕ್ಟೋಬರ್‌ನಲ್ಲಿ 'ಜಿಟಿ ಲೈನ್' ಬಂತು. ಹೊರಗೆಲ್ಲ ಕಪ್ಪು ಅಲಂಕಾರ, ಸ್ಪೋರ್ಟಿ ಗತ್ತು, ಆದರೆ ಬಾನೆಟ್ ಕೆಳಗೆ 1.0. ಅದೇ ದಿನ ಬಂದ 'ಜಿಟಿ ಪ್ಲಸ್ ಸ್ಪೋರ್ಟ್'ನಲ್ಲಿ 1.5. ಪಾರ್ಕಿಂಗ್‌ನಲ್ಲಿ ದೂರದಿಂದ ನೋಡಿದವರಿಗೆ ಎರಡೂ ಅಣ್ಣತಮ್ಮಂದಿರ ಹಾಗೆ ಕಾಣತ್ತೆ.

ನೋಟ ಬೇರೆ, ಓಟ ಬೇರೆ ಅನ್ನೋದು ಹಳೇ ಕಥೆ. ಬೆಂಗಳೂರಿನ ಸ್ಯಾನ್ ಮೋಟರ್ಸ್ ಗೋವಾದಲ್ಲಿ ತಯಾರಿಸುತ್ತಿದ್ದ 'ಸ್ಯಾನ್ ಸ್ಟಾರ್ಮ್' ಎರಡು ಸೀಟಿನ, ಮೇಲ್ಛಾವಣಿ ತೆಗೆಯಬಹುದಾದ ಅಚ್ಚ ಸ್ಪೋರ್ಟ್ಸ್ ಕಾರು. ಅದರೊಳಗೆ ಇದ್ದದ್ದು ರೆನೊ ಕಂಪನಿಯ 1.2 ಲೀಟರ್, ಸುಮಾರು 60 ಅಶ್ವಶಕ್ತಿಯ ಎಂಜಿನ್. ಬಾಡಿ ಫೈಬರ್‌ಗ್ಲಾಸ್, ಕಾರು ಹಗುರ, ಆದ್ದರಿಂದ ಅಷ್ಟರಲ್ಲೇ ಮಜಾ. ಸಣ್ಣ ಎಂಜಿನ್ ತಪ್ಪಲ್ಲ. ಎಂಜಿನ್, ತೂಕ, ರಸ್ತೆ ಮೂರೂ ಒಂದಕ್ಕೊಂದು ಹೊಂದಬೇಕು, ಅಷ್ಟೇ.

ಪಿಎಸ್ ಒಂದೇ ನೋಡಬೇಡಿ

ಬ್ರೋಷರ್‌ನಲ್ಲಿ ದೊಡ್ಡದಾಗಿ ಬರೆದಿರುವ ಪಿಎಸ್ ಅಂದರೆ ಗರಿಷ್ಠ ಶಕ್ತಿ. 1.0 ಆಗಲಿ 1.5 ಆಗಲಿ, ಅದು ಸಿಗೋದು 5000 ಆರ್‌ಪಿಎಂ ದಾಟಿದ ಮೇಲೆ. ಟಿನ್ ಫ್ಯಾಕ್ಟರಿಯಿಂದ ಮಾರತಹಳ್ಳಿವರೆಗೆ ಯಾರು 5000 ಆರ್‌ಪಿಎಂ ಮುಟ್ಟಿಸ್ತಾರೆ? ದಿನನಿತ್ಯ ನಾವು ಓಡಿಸೋದು 1500ರಿಂದ 2500ರ ನಡುವೆ. ಅಲ್ಲಿ ಏನು ಸಿಗತ್ತೆ ಅನ್ನೋದನ್ನ ನಾವೇ ಲೆಕ್ಕ ಹಾಕಬಹುದು.

ಶಕ್ತಿ = ಟಾರ್ಕ್ × ಕೋನೀಯ ವೇಗ. 2000 ಆರ್‌ಪಿಎಂ ಅಂದರೆ ಸೆಕೆಂಡಿಗೆ 209.4 ರೇಡಿಯನ್. ಎರಡೂ ಎಂಜಿನ್‌ಗಳು ಆ ಹೊತ್ತಿಗೆ ಪೂರ್ತಿ ಟಾರ್ಕ್ ಕೊಡುತ್ತಿರುತ್ತವೆ (1.0 ಎಂಜಿನ್‌ನಲ್ಲಿ 1750ರಿಂದ, 1.5 ಎಂಜಿನ್‌ನಲ್ಲಿ 1600ರಿಂದ).

1.0: 178 × 209.4 = ಸುಮಾರು 37 ಕಿಲೋವ್ಯಾಟ್, ಅಂದರೆ 51 ಪಿಎಸ್.
1.5: 250 × 209.4 = ಸುಮಾರು 52 ಕಿಲೋವ್ಯಾಟ್, ಅಂದರೆ 71 ಪಿಎಸ್.

ಗರಿಷ್ಠ ಶಕ್ತಿಯಲ್ಲಿ 1.5 ಎಂಜಿನ್ ಶೇ. 30ರಷ್ಟು ಮುಂದೆ. ಆದರೆ ನಿಜವಾಗಿ ಕಾಲಿಡುವ ಜಾಗದಲ್ಲಿ ಶೇ. 40ರಷ್ಟು ಮುಂದೆ. ಇನ್ನೊಂದು ಮಾತು: ಟರ್ಬೊ ತಿರುಗಲು ಎಕ್ಸಾಸ್ಟ್ ಗಾಳಿ ಬೇಕು. 1500ರ ಕೆಳಗೆ ಅದು ಸಾಲದು, ಕಾರು ಅರೆಕ್ಷಣ ಯೋಚನೆ ಮಾಡತ್ತೆ. ಹಂಪ್ ದಾಟಿ ಎರಡನೇ ಗೇರ್‌ನಲ್ಲಿ ಎದ್ದೇಳುವಾಗ ಇದು ಚೆನ್ನಾಗಿ ಗೊತ್ತಾಗತ್ತೆ. ಟೆಸ್ಟ್ ಡ್ರೈವ್‌ನಲ್ಲಿ ಇದನ್ನೇ ನೋಡಿ, ಖಾಲಿ ರಸ್ತೆಯಲ್ಲಿ ಆಕ್ಸಿಲರೇಟರ್ ಒತ್ತೋದನ್ನಲ್ಲ.

ಬೆಂಗಳೂರಿನ ಎತ್ತರ ಬ್ರೋಷರ್‌ನಲ್ಲಿ ಇರಲ್ಲ

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿ ಶೇ. 9ರಿಂದ 10ರಷ್ಟು ತೆಳು. ಟರ್ಬೊ ಇಲ್ಲದ ಎಂಜಿನ್ ವಾತಾವರಣದ ಒತ್ತಡವನ್ನೇ ನಂಬಿಕೊಂಡು ಉಸಿರಾಡುತ್ತೆ. ಆಮ್ಲಜನಕ ಎಷ್ಟು ಕಡಿಮೆಯೋ ಶಕ್ತಿಯೂ ಹೆಚ್ಚುಕಡಿಮೆ ಅಷ್ಟೇ ಕಡಿಮೆ. ಟರ್ಬೊ ಎಂಜಿನ್ ಆದರೆ ಟರ್ಬೈನ್ ಸ್ವಲ್ಪ ಜಾಸ್ತಿ ತಿರುಗಿ ಆ ಕೊರತೆಯ ಬಹುಭಾಗ ತುಂಬಿಕೊಳ್ಳತ್ತೆ.

ಈಗ ಇದನ್ನ ನೋಡಿ. 2023ರಲ್ಲಿ ಬಂದ ಹ್ಯುಂಡೈ ವರ್ನಾದ ಟರ್ಬೊ ಇಲ್ಲದ 1.5 ಎಂಜಿನ್‌ಗೂ 115 ಪಿಎಸ್, ವರ್ಟಸ್‌ನ 1.0 ಟರ್ಬೊಗೂ 115 ಪಿಎಸ್. ಕಾಗದದ ಮೇಲೆ ಸಮ. ನಮ್ಮೂರಲ್ಲಿ ಮೊದಲನೆಯದು ಅಂದಾಜು 104ಕ್ಕೆ ಇಳಿಯುತ್ತೆ. 1478 ಮೀಟರ್ ಎತ್ತರದ ನಂದಿ ಬೆಟ್ಟಕ್ಕೆ ಹೋದರೆ ಇನ್ನೂ ಕೆಳಗೆ. ಅದೇ ವರ್ನಾ 160 ಪಿಎಸ್‌ನ 1.5 ಟರ್ಬೊದಲ್ಲೂ ಇದೆ. ಅದು ಬೇರೆಯೇ ಕಾರು ಅನ್ನಿಸುವುದಕ್ಕೆ ಈ ಗಾಳಿಯೂ ಒಂದು ಕಾರಣ.

ಕನಸಿನ ಕಾರಿಗೂ ಇದೇ ನಿಯಮ. ಪೋರ್ಷೆ 718 ಕೇಮನ್‌ನ 'ಎಸ್' ಮಾದರಿಯಲ್ಲಿ 2.5 ಲೀಟರ್ ಟರ್ಬೊ, 350 ಪಿಎಸ್. 'ಜಿಟಿಎಸ್ 4.0' ಮಾದರಿಯಲ್ಲಿ ಟರ್ಬೊ ಇಲ್ಲದ ಆರು ಸಿಲಿಂಡರ್, 400 ಪಿಎಸ್. ಶೇ. 10 ಕಳೆದರೆ 400 ಹೋಗಿ 360 ಆಯ್ತು. ಅಂತರ 50ರಿಂದ ಸುಮಾರು 10ಕ್ಕೆ ಬಂತು! ಆರು ಸಿಲಿಂಡರಿನ ಸದ್ದಿಗಾಗಿ ಜಿಟಿಎಸ್ ತಗೊಳ್ತೀನಿ ಅಂದರೆ ಸಂತೋಷ. ಬರೀ 50 ಪಿಎಸ್‌ಗಾಗಿ ಅಂದರೆ ಬೆಂಗಳೂರಿನಲ್ಲಿ ಯೋಚಿಸಬೇಕು.

ಗೇರ್‌ಬಾಕ್ಸ್: ಔಟರ್ ರಿಂಗ್ ರೋಡಿನ ಪರೀಕ್ಷೆ

ಎಂಜಿನ್ ಆರಿಸಿದರೆ ಗೇರ್‌ಬಾಕ್ಸ್ ಕೂಡ ಅದರ ಜತೆ ಬಂದುಬಿಡತ್ತೆ. 2022ರ ವರ್ಟಸ್‌ನಲ್ಲಿ 1.0 ಆಟೊಮ್ಯಾಟಿಕ್‌ಗೆ ಆರು ಗೇರಿನ ಟಾರ್ಕ್ ಕನ್ವರ್ಟರ್. 1.5ಕ್ಕೆ ಏಳು ಗೇರಿನ ಡಿಎಸ್‌ಜಿ. ಟಾರ್ಕ್ ಕನ್ವರ್ಟರ್‌ನಲ್ಲಿ ಶಕ್ತಿ ಎಣ್ಣೆಯ ಮೂಲಕ ದಾಟತ್ತೆ. ನಡಿಗೆಯ ವೇಗದಲ್ಲಿ ತೆವಳೋದು ಅದಕ್ಕೆ ಸಲೀಸು. ಈ ಡಿಎಸ್‌ಜಿಯಲ್ಲಿ ಇರೋದು ಎರಡು ಒಣ ಕ್ಲಚ್. ಗೇರ್ ಬದಲಾವಣೆ ಮಿಂಚಿನ ಹಾಗೆ. ಆದರೆ ಒಂದಡಿ ಹೋಗು, ನಿಲ್ಲು, ಮತ್ತೆ ಒಂದಡಿ ಹೋಗು ಅನ್ನುವಾಗ ಕ್ಲಚ್ ಜಾರುತ್ತಾ ಬಿಸಿಯಾಗತ್ತೆ. ಆ ಬಿಸಿ ಒಯ್ಯಲು ಎಣ್ಣೆ ಇಲ್ಲ. ಈ ಡಿಎಸ್‌ಜಿ ತಾಳುವ ಟಾರ್ಕ್‌ನ ಮಿತಿ 250 ನ್ಯೂಟನ್ ಮೀಟರ್. 1.5 ಎಂಜಿನ್ ಕೊಡೋದೂ ಸರಿಯಾಗಿ ಅಷ್ಟೇ.

ಹಾಗಾಗಿ ನಿಮ್ಮನ್ನ ನೀವೇ ಕೇಳಿಕೊಳ್ಳಬೇಕಾದ ಪ್ರಶ್ನೆ: ಈ ಕಾರು ವಾರದಲ್ಲಿ ಎಷ್ಟು ದಿನ, ಎಲ್ಲಿ ಓಡತ್ತೆ? ದಿನಾ ಬೆಳಿಗ್ಗೆ ಮಹದೇವಪುರದಿಂದ ಬೆಳ್ಳಂದೂರಿಗೆ, ಮೆಟ್ರೊ ಕಾಮಗಾರಿಯ ಪಕ್ಕದಲ್ಲಿ ತೆವಳಿಕೊಂಡು ಹೋಗುವವರಿಗೆ 1.0 ಮತ್ತು ಟಾರ್ಕ್ ಕನ್ವರ್ಟರ್ ಜೋಡಿಯೇ ವಾಸಿ. ಅದರ ಬದಲು ಆಫೀಸ್ ವೈಟ್‌ಫೀಲ್ಡ್ ಕಡೆ ಇದ್ದು, ಗರುಡಾಚಾರ್‌ಪಾಳ್ಯದಲ್ಲೋ ಸಿಂಗಯ್ಯನಪಾಳ್ಯದಲ್ಲೋ ನೇರಳೆ ಮಾರ್ಗದ ಮೆಟ್ರೊ ಹತ್ತುವವರಾದರೆ ಕಾರು ಹೊರಗೆ ಬರೋದು ಭಾನುವಾರ, ಕೋಲಾರದ ಹೆದ್ದಾರಿಗೆ. ಅವರಿಗೆ 1.5 ಮ್ಯಾನುಯಲ್ ಸರಿ. ಕೆ.ಆರ್. ಪುರದಿಂದ ವೈಟ್‌ಫೀಲ್ಡ್‌ವರೆಗೆ ಮೆಟ್ರೊ ಶುರುವಾದದ್ದು 2023ರ ಮಾರ್ಚ್‌ನಲ್ಲಿ. ಎಂಜಿನ್ ಆಯ್ಕೆಯನ್ನು ಒಂದು ಮೆಟ್ರೊ ಸ್ಟೇಷನ್ ಬದಲಾಯಿಸಬಹುದು ಅಂದರೆ ತಮಾಷೆಯಲ್ಲ.

ಓವರ್‌ಟೇಕ್ ಮತ್ತು ಬ್ರೇಕ್

ಇಬ್ಬರು ಕೂತ ಕಾರಿನ ತೂಕ 1350 ಕೆ.ಜಿ. ಎಂದಿಟ್ಟುಕೊಳ್ಳೋಣ. 80ರಿಂದ 100 ಕಿ.ಮೀ. ವೇಗಕ್ಕೆ ಏರಲು ಬೇಕಾದ ಹೆಚ್ಚುವರಿ ಚಲನಶಕ್ತಿ ಸುಮಾರು 188 ಕಿಲೋಜೂಲ್. ಗರಿಷ್ಠ ಶಕ್ತಿಯ ಶೇ. 70ರಷ್ಟು ಮಾತ್ರ ಚಕ್ರಕ್ಕೆ ಸಿಗತ್ತೆ ಅಂದರೆ 1.0ಕ್ಕೆ 3.2 ಸೆಕೆಂಡ್, 1.5ಕ್ಕೆ 2.4 ಸೆಕೆಂಡ್. ವ್ಯತ್ಯಾಸ ಮುಕ್ಕಾಲು ಸೆಕೆಂಡ್. ಎದುರಿನಿಂದ 60ರಲ್ಲಿ ಬರುವ ಲಾರಿ ಅಷ್ಟರಲ್ಲಿ 12 ಮೀಟರ್ ಹತ್ತಿರ ಬಂದಿರತ್ತೆ. ಹಳೇ ಎರಡು ಪಥದ ರಸ್ತೆಯಲ್ಲಿ ಅದಕ್ಕೆ ಬೆಲೆ ಇದೆ.

ಆದರೆ ನಿಲ್ಲಿಸುವಾಗ ಎಂಜಿನ್‌ನಿಂದ ಉಪಯೋಗ ಇಲ್ಲ. 80ರ ವೇಗದಿಂದ ಪೂರ್ತಿ ನಿಲ್ಲಲು, ಟೈರ್ ಘರ್ಷಣಾಂಕ 0.8 ಇದ್ದರೆ 31 ಮೀಟರ್ ಬೇಕು. ಮಳೆ ಬಂದು ಅದು 0.4 ಆದರೆ 63 ಮೀಟರ್. ಸೂತ್ರದಲ್ಲಿ ಪಿಎಸ್ ಎಲ್ಲೂ ಇಲ್ಲ, ಟೈರ್ ಇದೆ. ಅದಕ್ಕೇ ಟ್ರಿಮ್ ಪಟ್ಟಿಯನ್ನ ಎರಡು ಭಾಗ ಮಾಡಿ. ಏರ್‌ಬ್ಯಾಗ್, ಇಎಸ್‌ಸಿ, ಟೈರ್, ಹಿಂದಿನ ಬ್ರೇಕ್ ಡಿಸ್ಕೋ ಡ್ರಮ್ಮೋ: ಇವು ಒಂದು ಕಡೆ. ಸನ್‌ರೂಫ್, ಕಪ್ಪು ಗ್ರಿಲ್, ಕೆಂಪು ಬಣ್ಣ ಬಳಿದ ಬ್ರೇಕ್ ಕ್ಯಾಲಿಪರ್: ಇವು ಇನ್ನೊಂದು ಕಡೆ. ಕೆಂಪು ಬಣ್ಣದಿಂದ ಕಾರು ಒಂದು ಇಂಚೂ ಮುಂಚೆ ನಿಲ್ಲಲ್ಲ. ಹಿಂದಿನ ಸೀಟಿನಲ್ಲಿ ಕೂರೋರು ನಮ್ಮ ಅಪ್ಪ ಅಮ್ಮ. ಮೊದಲ ಭಾಗದಲ್ಲಿ ಕೊಸರಾಟ ಬೇಡ.

ದುಡ್ಡಿನ ಲೆಕ್ಕ

ಎರಡು ಮಾದರಿಗಳ ಶೋರೂಂ ಬೆಲೆಯಲ್ಲಿ 3 ಲಕ್ಷ ವ್ಯತ್ಯಾಸ ಇದೆ ಅನ್ನೋಣ. ಕರ್ನಾಟಕದಲ್ಲಿ 10ರಿಂದ 20 ಲಕ್ಷದ ಕಾರಿಗೆ ಆಜೀವ ತೆರಿಗೆ ಶೇ. 17, ಅದಕ್ಕಿಂತ ಮೇಲೆ ಶೇ. 18, ಸೆಸ್ ಬೇರೆ. ಆ 3 ಲಕ್ಷ ಆಗಲೇ 3.51 ಲಕ್ಷ ಆಯ್ತು. ಅದರಲ್ಲಿ 3.5 ಲಕ್ಷಕ್ಕೆ ಶೇ. 9 ಬಡ್ಡಿಯಲ್ಲಿ ಏಳು ವರ್ಷದ ಸಾಲ ಅಂದರೆ ತಿಂಗಳಿಗೆ ಸುಮಾರು 5,630 ರೂಪಾಯಿ. ಒಟ್ಟು 4.73 ಲಕ್ಷ. ಮುಕ್ಕಾಲು ಸೆಕೆಂಡಿನ ಬೆಲೆ ಇದು.

ಮಿತಿಯ ಹತ್ತಿರ ಇನ್ನೂ ಹುಷಾರಾಗಿರಬೇಕು. 19.90 ಲಕ್ಷದ ಕಾರಿಗೆ ತೆರಿಗೆ 3.38 ಲಕ್ಷ. 20.10 ಲಕ್ಷದ ಕಾರಿಗೆ 3.62 ಲಕ್ಷ. ಯಾಕೆಂದರೆ ಶೇ. 18 ಪೂರ್ತಿ ಬೆಲೆಯ ಮೇಲೆ ಬೀಳತ್ತೆ. 20 ಸಾವಿರದ ಟ್ರಿಮ್ ಆಸೆಗೆ 43 ಸಾವಿರ ಹೋಗತ್ತೆ.

ಜಿಎಸ್‌ಟಿಯಲ್ಲೂ ಇಂಥದ್ದೇ ಗೆರೆ ಇದೆ. 2025ರ ಸೆಪ್ಟೆಂಬರ್ 22ರಿಂದ 1200 ಸಿಸಿ ಒಳಗಿನ, 4 ಮೀಟರ್ ಒಳಗಿನ ಪೆಟ್ರೋಲ್ ಕಾರಿಗೆ ಶೇ. 18, ಉಳಿದವಕ್ಕೆ ಶೇ. 40. ಎರಡೂ ಷರತ್ತು ಒಟ್ಟಿಗೆ ಬೇಕು. ಹ್ಯುಂಡೈ ಐ20 ಎನ್ ಲೈನ್ ಒಳಗಿದೆ. ವರ್ಟಸ್ 1.0 ಎಂಜಿನ್ 999 ಸಿಸಿ ಆದರೂ ಉದ್ದ ನಾಲ್ಕೂವರೆ ಮೀಟರ್ ದಾಟಿರುವುದರಿಂದ ಹೊರಗಿದೆ.

ಕೊನೆಗೆ ಕ್ರಮ ಹೀಗಿರಲಿ

1. ವಾರದ ಓಡಾಟ ಬರೆದುಕೊಳ್ಳಿ: ಎಷ್ಟು ಕಿ.ಮೀ. ಟ್ರಾಫಿಕ್, ಎಷ್ಟು ಹೆದ್ದಾರಿ, ಎಷ್ಟು ಜನ.
2. ಸುರಕ್ಷತೆಯ ಭಾಗಗಳು ಯಾವ ಟ್ರಿಮ್‌ನಿಂದ ಶುರು ಅಂತ ನೋಡಿ, ಅದರ ಕೆಳಗಿನವನ್ನ ಪಟ್ಟಿಯಿಂದ ತೆಗೆಯಿರಿ.
3. ಎಂಜಿನ್ ಮತ್ತು ಗೇರ್‌ಬಾಕ್ಸನ್ನು ಜೋಡಿಯಾಗಿ ಆರಿಸಿ. ನಾಲ್ಕು ಜನ ಕೂತು, ಎಸಿ ಹಾಕಿ, ಸಂಜೆ ಆರಕ್ಕೆ ಟೆಸ್ಟ್ ಡ್ರೈವ್ ಮಾಡಿ.
4. ದುಡ್ಡು ಉಳಿದರೆ ಮಾತ್ರ ಅಲಂಕಾರ.

ಎಂಜಿನ್ ಟ್ರಿಮ್‌ಗಿಂತ ಮೊದಲು ಯಾಕೆ? ಸೀಟ್ ಕವರ್, ಸ್ಪೀಕರ್ ನಾಳೆ ಹಾಕಿಸಬಹುದು. ಎಂಜಿನ್ ಹಾಗಲ್ಲ. ಕಂಪನಿ ಕೊಟ್ಟ ಮೂಲ ವಿವರ ಬದಲಾಗುವ ಹಾಗೆ ವಾಹನ ಮಾರ್ಪಡಿಸೋದನ್ನ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆಯುತ್ತೆ, 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿದಿದೆ. ಇಸಿಯು ರೀಮ್ಯಾಪ್ ಮಾಡಿಸಿ 1.0ನ್ನು 1.5ರ ಹಾಗೆ ಓಡಿಸ್ತೀನಿ ಅನ್ನೋರಿಗೆ ವಾರಂಟಿಯೂ ಕೈಕೊಡತ್ತೆ.

ಅಭ್ಯಾಸಕ್ಕೆ ಒಂದು ಲೆಕ್ಕ: ಐದು ಜನ, ಡಿಕ್ಕಿ ತುಂಬ ಲಗೇಜ್, ಒಟ್ಟು 1650 ಕೆ.ಜಿ. ಮೇಲಿನ ಓವರ್‌ಟೇಕ್ ಲೆಕ್ಕವನ್ನ ಮತ್ತೆ ಮಾಡಿ. ಬಂದ ಉತ್ತರವನ್ನ ಸಾಲದ ಅರ್ಜಿಗೆ ಸಹಿ ಹಾಕಲು ಹೊರಟಿರುವ ಯಾರಾದರೂ ಸೀನಿಯರ್‌ಗೆ ತೋರಿಸಿ.