ಮಳೆಗಾಲದಲ್ಲಿ ಚಪ್ಪಲಿ ಮಾರದ ಕಾಕಾ

ಅಥಣಿಯ ನಮ್ಮ ಓಣಿಯಲ್ಲಿ ಮಿಲ್ಟ್ರಿ ಕಾಕಾ ಎಂದರೆ ಒಬ್ಬರೇ. 2024ರ ಮಾರ್ಚ್‌ನಲ್ಲಿ ತೀರಿಕೊಂಡರು, 84 ತುಂಬಿತ್ತು. ಅವರು ಕೂತು ಕೆಲಸ ಮಾಡುತ್ತಿದ್ದ ಪಡಸಾಲೆಯ ಗೋಡೆಯಲ್ಲಿ ಎರಡೇ ಪಟ. ಒಂದು ಸಮಗಾರ ಹರಳಯ್ಯನದು. ಇನ್ನೊಂದು 1961ರಲ್ಲಿ ಬೆಳಗಾವಿಯಲ್ಲಿ ಭರ್ತಿಯಾದಾಗ ಯೂನಿಫಾರ್ಮ್ ಹಾಕಿ ತೆಗೆಸಿಕೊಂಡದ್ದು.

ಸೈನ್ಯದಲ್ಲಿ ಕಾಕಾನ ಕೆಲಸ ಬೂಟು ರಿಪೇರಿ. ಅಡುಗೆಯವರು, ಕ್ಷೌರಿಕರು, ಅಗಸರ ಹಾಗೆ ಪಲ್ಟಣಿನಲ್ಲಿ ಅದೂ ಒಂದು ಟ್ರೇಡು. 1965, 1971 ಎರಡೂ ಲಡಾಯಿ ಕಂಡಿದ್ದರು. ಆದರೆ ಲಡಾಯಿಯ ಕತೆ ಹೇಳು ಎಂದರೆ ಹೊರಬರುತ್ತಿದ್ದದ್ದು ಹಿಮ್ಮಡಿ ಕಿತ್ತ ಬೂಟಿನ ಕತೆಯೇ. “ಕಾಲಾಗ ಹುಣ್ಣಾದ ಸಿಪಾಯಿ ಏನ್ ಗುಂಡ ಹಾರಸ್ತಾನ ತಮ್ಮಾ?”

1979ರಲ್ಲಿ ಊರಿಗೆ ಬಂದರು. ಜವಾನರಿಗೆ ಪಿಂಚಣಿ ಸಿಗಬೇಕಾದರೆ 15 ವರ್ಷ ಸೇವೆ ಆಗಿರಬೇಕು, ಇವರದು 18 ಆಗಿತ್ತು. ಪಿಂಚಣಿಯ ಒಂದು ಭಾಗವನ್ನು ಕಮ್ಯುಟೇಶನ್ ಮಾಡಿಸಿ, ಕೈಗೆ ಬಂದ ಇಡಿಗಂಟಿನಿಂದ ತೊಗಲು ಕೊಂಡರು. ಊರವರು ನಕ್ಕರಂತೆ. ಆಗಿನ ನಿಯಮದಂತೆ ಹೀಗೆ ಮಾರಿದ ಭಾಗ ಬದುಕಿರುವವರೆಗೂ ಕಡಿತವೇ, ಹಾಗಾಗಿ ನಕ್ಕವರದೂ ತಪ್ಪಲ್ಲ. ಕಾಮನ್ ಕಾಸ್ ಸಂಸ್ಥೆ ಹೂಡಿದ ಪ್ರಕರಣದಲ್ಲಿ 1986ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು, 15 ವರ್ಷದ ಮೇಲೆ ಆ ಭಾಗವನ್ನು ಮರಳಿ ಕೊಡಬೇಕು ಎಂದಿತು. 1994ರಲ್ಲಿ ಕಾಕಾನ ಪಿಂಚಣಿ ಪೂರ್ತಿಯಾಗಿ ಬರತೊಡಗಿತು. ತೊಗಲೂ ದುಡಿದಿತ್ತು, ಪಿಂಚಣಿಯೂ ಮರಳಿತ್ತು. ಇದನ್ನು ಜಾಣತನ ಎನ್ನಲಾರೆ, ಅವರಿಗೆ ದೈವ ಕೂಡಿಬಂತು ಅಷ್ಟೆ.

ಜಾಣತನ ಇದ್ದದ್ದು ಬೇರೆ ಕಡೆ. ಕೊಲ್ಲಾಪುರಿ ಎಂದು ಜಗತ್ತು ಕರೆಯುವ ಚಪ್ಪಲಿಯನ್ನು ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗದ ಕಡೆ ಎಷ್ಟೋ ಮನೆಗಳಲ್ಲಿ ಮಾಡುತ್ತಾರೆ. 2019ರಲ್ಲಿ ಬಂದ ಭೌಗೋಳಿಕ ಸೂಚಕದಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರವೂ ಇವೆ. ಜಾಲಿ ತೊಗಟೆ, ಅಳಲೆಕಾಯಿಯಲ್ಲಿ ಹದ ಮಾಡಿದ ತೊಗಲು. ಮೊಳೆ ಇಲ್ಲ, ಹೊಲಿಗೆಯೂ ತೊಗಲಿನ ದಾರದ್ದೇ. ನೀರು ಬಿತ್ತೆಂದರೆ ಅಟ್ಟೆ ಮೆತ್ತಗಾಗುತ್ತದೆ. ಹೀಗಾಗಿ ಜೂನಿನಿಂದ ಸೆಪ್ಟೆಂಬರ್‌ವರೆಗೆ ಕೊಳ್ಳುವವರಿಲ್ಲ. ಅದೇ ಹೊತ್ತಿಗೆ ಮಕ್ಕಳ ಫೀ, ಮನೆ ಸೋರಿಕೆ, ಪಂಚಮಿ ಹಬ್ಬ. ವ್ಯಾಪಾರಿಗಳಿಗೆ ಇದು ಚೆನ್ನಾಗಿ ಗೊತ್ತು. ತೊಗಲಿಗೆಂದು ಮುಂಗಡ ಕೊಟ್ಟಿರುತ್ತಾರೆ, ಮಳೆಯಲ್ಲಿ ಬಂದು ತಾವು ಹೇಳಿದ ರೇಟಿಗೆ ಎತ್ತಿಕೊಂಡು ಹೋಗುತ್ತಾರೆ.

ಕಾಕಾ ಮಳೆಗಾಲದಲ್ಲಿ ಒಂದು ಜೋಡಿಯನ್ನೂ ಮಾರಲಿಲ್ಲ. ಮಾಡಿ ಮಾಡಿ, ಎಣ್ಣೆ ತಿಕ್ಕಿ, ಜೋಡಿ ಕಟ್ಟಿ ಅಟ್ಟದ ಗಳಕ್ಕೆ ತೂಗುಬಿಡುತ್ತಿದ್ದರು. ಬೂಸು ಹಿಡಿಯದಂತೆ ವಾರಕ್ಕೊಮ್ಮೆ ಇಳಿಸಿ ಒರೆಸುವುದು ಅವರ ಹೆಂಡತಿ ಕಾಕುವಿನ ಪಾಲು. ದೀಪಾವಳಿ ಮುಂದೆ ಅಟ್ಟ ಇಳಿಯುತ್ತಿತ್ತು, ಮದುವೆ ಸುಗ್ಗಿಯಲ್ಲಿ ಖಾಲಿ. ಮಳೆಯಲ್ಲಿ 380 ರೂಪಾಯಿಗೆ ಕೇಳುತ್ತಿದ್ದ ಜೋಡಿ ಆಗ 600ಕ್ಕೆ ಹೋಗುತ್ತಿತ್ತು. ನಡುವಿನ ನಾಲ್ಕು ತಿಂಗಳು ರೊಟ್ಟಿಗೆ ದಾರಿ ಮಾಡಿದ್ದು ಪಿಂಚಣಿ. ಪಕ್ಕದ ಮನೆಯವರ ಕೈಕಸುಬು ಕಾಕಾನದಕ್ಕಿಂತ ನಯವಾಗಿತ್ತು ಎಂದು ಕಾಕಾನೇ ಹೇಳುತ್ತಿದ್ದರು. ಅವರಿಗೆ ಕಾಯಲು ಆಗುತ್ತಿರಲಿಲ್ಲ, ಇವರಿಗೆ ಆಗುತ್ತಿತ್ತು. ಇಪ್ಪತ್ತು ವರ್ಷದಿಂದ ಬಡ್ಡಿ, ಫಂಡು ಎಂದು ಬರೆಯುತ್ತ ಬಂದ ನಾನು ಈ ಅಂಕಣದಲ್ಲಿ ಕಾಯುವ ತಾಕತ್ತಿಗೆ ಒಮ್ಮೆಯೂ ಬೆಲೆ ಕಟ್ಟಿಲ್ಲ.

ಪಿಂಚಣಿಗಾಗಿ ಪ್ರತಿ ನವೆಂಬರಿನಲ್ಲಿ ಜೀವಂತ ಪ್ರಮಾಣಪತ್ರದ ಪಜೀತಿ. ಅರವತ್ತು ವರ್ಷ ಆರಿ ಒತ್ತಿ, ದಾರ ಎಳೆದ ಹೆಬ್ಬೆಟ್ಟಿನಲ್ಲಿ ಗೆರೆಯೇ ಉಳಿದಿರಲಿಲ್ಲ. ಯಂತ್ರದ ಗಾಜಿನ ಮೇಲೆ ಒತ್ತಿದರೆ ಕೆಂಪು ದೀಪ. ಒರೆಸಿ ಒತ್ತಿದರೂ ಕೆಂಪು. “ನನ್ನ ಬಟ್ಟ ನನ್ನ ಗುರ್ತ ಹಿಡಿವಲ್ದು. ಸರಕಾರದ ಲೆಕ್ಕದಾಗ ನಾ ಸತ್ತೇನಿ ನೋಡು,” ಎಂದು ನಗುತ್ತಿದ್ದರು. 2021ರ ಕೊನೆಗೆ ಮುಖ ತೋರಿಸಿ ಮೊಬೈಲಿನಲ್ಲೇ ಮಾಡುವ ಸೌಲಭ್ಯ ಬಂದ ಮೇಲೆ ಅದು ನನ್ನ ಕೆಲಸವಾಯಿತು.

ನವೆಂಬರ್ ಬಂದಾಗಲೆಲ್ಲ ಟ್ರಂಕು ತೆಗೆದು ಅವರ ಪಿಪಿಒ, ಅಂದರೆ ಪಿಂಚಣಿ ಪಾವತಿ ಆದೇಶ, ನೋಡುತ್ತಿದ್ದೆ. ಅದರಲ್ಲಿ ಕಾಕುವಿನ ಸಾಲನ್ನು ಮಾತ್ರ ಓದಲಿಲ್ಲ. ಕಾಕಾ ಹೋದ ಮೇಲೆ ಓದಿದೆ. ಅಲ್ಲಿದ್ದದ್ದು ತವರಿನ ಹೆಸರು. ಆಧಾರ್‌ನಲ್ಲಿ ಇರುವುದು ಮದುವೆಯಲ್ಲಿ ಇಟ್ಟ ಹೆಸರು, ನಮ್ಮ ಕಡೆಯ ರೂಢಿ. ಹುಟ್ಟಿದ ತಾರೀಕಿನ ಜಾಗ ಖಾಲಿ.

ಗಂಡ ತೀರಿದ ದಿನವೇ ಅವನ ಪಿಂಚಣಿ ನಿಲ್ಲುತ್ತದೆ. ಕುಟುಂಬ ಪಿಂಚಣಿ, ಅಂದರೆ ಕೊನೆಯ ಸಂಬಳದ ಶೇ 30, ಕಾಗದ ಕೂಡಿದ ಮೇಲೆಯೇ ಶುರು. ಎರಡು ಹೆಸರೂ ಒಬ್ಬಳದೇ ಎಂದು ಅಫಿಡವಿಟ್ ಮಾಡಿಸಿದೆವು. ಒಂದು ಕಚೇರಿಯವರು ಸಾಲದೆಂದು ತಿರುಗಿ ಕಳಿಸಿದರು. ಬೆಳಗಾವಿಯ ಸೈನಿಕ ಕಲ್ಯಾಣ ಇಲಾಖೆಗೆ ನೂರು ಕಿಲೋಮೀಟರ್ ಮೇಲಿನ ದಾರಿ, ಮೂರು ಸಲ ಹೋಗಿಬಂದೆವು. ಮಂಜೂರಾಗುವಾಗ ಸೆಪ್ಟೆಂಬರ್. ಹುಟ್ಟಿದ ತಾರೀಕನ್ನು ಆಧಾರ್‌ ಪ್ರಕಾರವೇ ಸೇರಿಸಿದರು: 1945ರ ಜನವರಿ 1. ಊರಲ್ಲಿ ಅರ್ಧ ಮುದುಕಿಯರು ಹುಟ್ಟಿದ್ದೇ ಜನವರಿ 1ರಂದು. ಆ ಸಾಲು ತುಂಬದಿದ್ದರೆ 80 ದಾಟಿದವರಿಗೆ ಸಿಗುವ ಶೇ 20 ಹೆಚ್ಚುವರಿ ಪಿಂಚಣಿಯೂ ತಪ್ಪುತ್ತಿತ್ತು.

ಬಾಕಿಯೆಲ್ಲ ಒಟ್ಟಿಗೇ ಬಂತು. ಆದರೆ ಜುಲೈಯ ಮಳೆಯಲ್ಲಿ ಕಾಕು ನಲವತ್ತು ಜೋಡಿ ಇಳಿಸಿ 350ರಂತೆ ಕೊಟ್ಟಿದ್ದರು. ನನಗೆ ಹೇಳಿರಲಿಲ್ಲ. ಆ ಮನೆಯ ಅಟ್ಟ ಮಳೆಗಾಲದಲ್ಲಿ ಖಾಲಿಯಾದದ್ದು ಅದೇ ಮೊದಲು. ಕಾಕಾನ ಲೆಕ್ಕದ ವಹಿ ತಿರುವಿ ನೋಡಿದೆ. ತೊಗಲು, ಎಣ್ಣೆ, ದಾರ, ಬಸ್ ಚಾರ್ಜಿನವರೆಗೆ ಬರೆದಿದ್ದಾರೆ. ಉಂಗುಟ, ಪಟ್ಟಿಗಳ ಹೆಣಿಗೆಯೆಲ್ಲ ಕಾಕುವಿನ ಕೈಯದು. ಅದಕ್ಕೆ 45 ವರ್ಷದಲ್ಲಿ ಒಂದು ಸಾಲೂ ಇಲ್ಲ. ಕಾಕಾನ ಮೇಲೆ ನನಗೆ ಸಿಟ್ಟು ಬಂದದ್ದು ಇದೊಂದೇ ವಿಷಯಕ್ಕೆ, ಅದೂ ಅವರು ಹೋದ ಮೇಲೆ.

2025ರ ಜೂನಿನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನಿನ ಪ್ರದರ್ಶನದಲ್ಲಿ ಇಂಥದೇ ಚಪ್ಪಲಿ ತೋರಿಸಿ ಗದ್ದಲವಾಯಿತು. ಬೆಲೆ ಲಕ್ಷ ದಾಟುತ್ತದೆ ಎಂದು ಪತ್ರಿಕೆಗಳು ಬರೆದವು. ಮೊಬೈಲಿನಲ್ಲಿ ಫೋಟೊ ತೋರಿಸಿದೆ. ಕಾಕು ಕಣ್ಣು ಕಿರಿದು ಮಾಡಿ ನೋಡಿ, “ಹೆಣಿಗಿ ಎಲ್ಲೈತಿ ಇದಕ್ಕ?” ಎಂದರು.

ಅದೇ ವಾರ ಒಬ್ಬ ವ್ಯಾಪಾರಿ ಬಂದ. ಈಗ ಹೊಲಿಗೆ ಕಾಕಾನ ತಮ್ಮನ ಮಗನದು, ಹೆಣಿಗೆ ಕಾಕುವಿನದೇ. ಅಟ್ಟದಲ್ಲಿ 26 ಜೋಡಿ ಇದ್ದವು. ಗದ್ದಲದ ಹುರುಪಿನಲ್ಲಿ 400 ಕೊಡುತ್ತೇನೆ, ಎಲ್ಲ ಕಟ್ಟಿ ಎಂದ. ಹೊರಗೆ ಮಳೆ ಜಡಿಯುತ್ತಿತ್ತು. ಕಾಕು ಅವನಿಗೆ ಚಹಾ ಕೊಟ್ಟರು, ಬಶಿ ಇಸಿದುಕೊಂಡರು.

“ದೀಪಾವಳಿ ಮುಂದ ಬರ್ರಿ,” ಎಂದರು.