ಒಂಟಿಯಾಗಿ ಪಟ್ಟಣವನ್ನು ನೋಡುವುದು ಹೇಗೆ?

(ಮೇಲ್ತರಗತಿಯ ವಿದ್ಯಾರ್ಥಿನಿಯರಿಗೆ ಒಂದು ಪಾಠ)



ಒಂದು ದಿನ ಹತ್ತನೆಯ ತರಗತಿಯಲ್ಲಿ ಭೂಗೋಳವನ್ನು ಬೋಧಿಸುತ್ತಿದ್ದಾಗ, "ನಿಮ್ಮಲ್ಲಿ ಬೆಂಗಳೂರನ್ನು ಕಂಡವರು ಯಾರು?" ಎಂದು ಕೇಳಿದೆನು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದೂ ಸೀಮೆಗಳ ಹುಡುಗಿಯರು ಅಲ್ಲಿದ್ದರು. ಅರ್ಧಕ್ಕೂ ಹೆಚ್ಚು ಕೈಗಳು ಮೇಲೆದ್ದವು. "ಅಲ್ಲಿ ಏನನ್ನು ಕಂಡಿರಿ?" ಎಂದು ಕೇಳಲು, ಎದ್ದ ಕೈಗಳು ಒಂದೊಂದಾಗಿ ಇಳಿದವು. ಒಬ್ಬಳು ಕಂಡದ್ದು ಮೆಜೆಸ್ಟಿಕ್ ಬಸ್ ನಿಲ್ದಾಣ. ಇನ್ನೊಬ್ಬಳು ಮದುವೆಯ ಛತ್ರ. ಮತ್ತೊಬ್ಬಳು ಆಸ್ಪತ್ರೆಯ ವರಾಂಡ. ತಾಯ್ತಂದೆಗಳು ಗುಳೆ ಹೋದಾಗ ಅವರೊಡನೆ ತಗಡಿನ ಗುಡಿಸಲಿನಲ್ಲಿ ತಿಂಗಳುಗಟ್ಟಲೆ ಇದ್ದ ಮೂವರು ಹುಡುಗಿಯರು ಕೈಯನ್ನೇ ಎತ್ತಿರಲಿಲ್ಲ. ಹೋಗಿಬರುವುದು ಬೇರೆ, ನೋಡುವುದು ಬೇರೆ. ನೋಡುವುದು ಓದುಬರಹದಂತೆಯೇ ಕಲಿತು ಬರತಕ್ಕ ವಿದ್ಯೆ. ಅದನ್ನು ನಾನು ಕಲಿತ ಬಗೆಯನ್ನು ಇಲ್ಲಿ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ದಸರಾ ರಜೆಯಲ್ಲಿ, ಮೂರು ದಿನಗಳ ಮಟ್ಟಿಗೆ ಬೆಂಗಳೂರನ್ನು ನೋಡಲು ನಾನೊಬ್ಬಳೇ ಹೊರಟೆನು. "ಜೊತೆಗೆ ಯಾರೂ ಇಲ್ಲವೇ?" ಎಂದು ಮನೆಯವರೂ ನೆರೆಯವರೂ ಕೇಳಿದರು. ನಾಲ್ವತ್ತು ದಾಟಿದ ಮುಖ್ಯೋಪಾಧ್ಯಾಯಿನಿಗೇ ಈ ಪ್ರಶ್ನೆಯಾದರೆ, ಹದಿನೆಂಟರ ಹುಡುಗಿಗೆ ಎಷ್ಟು ಪ್ರಶ್ನೆಗಳು ಕಾದಿರುವುವೆಂದು ನೀವೇ ಊಹಿಸಿರಿ. ಸ್ನೇಹಿತೆಯೊಬ್ಬರ ಮುಖಾಂತರ ಹೆಂಗಸರ ವಸತಿಗೃಹವೊಂದರಲ್ಲಿ ಮೊದಲೇ ಸ್ಥಳವನ್ನು ಗೊತ್ತುಮಾಡಿಕೊಂಡು, ರಾತ್ರಿಯ ಬಸ್ಸನ್ನು ಹತ್ತಿದೆನು.

ಮೊದಲನೆಯ ದಿನ

ಚಿತ್ರದುರ್ಗದ ಮಾರ್ಗವಾಗಿ ಬಂದ ಬಸ್ಸು ಬೆಳಗಿನ ಜಾವದಲ್ಲಿ ಮೆಜೆಸ್ಟಿಕ್ಕಿನಲ್ಲಿ ಇಳಿಸಿತು. ಆ ಜನಸಂದಣಿಯನ್ನು ಕಂಡು ಎದೆ ಹೊಡೆದುಕೊಂಡದ್ದು ನಿಜ. ಆದರೆ ಭರತ ಹುಣ್ಣಿಮೆಯ ಮೈಲಾರದ ಜಾತ್ರೆಯಲ್ಲಾಗಲಿ, ಕೊಟ್ಟೂರೇಶ್ವರನ ತೇರಿನಲ್ಲಾಗಲಿ ನಡೆದವಳು ಜನಸಂದಣಿಗೆ ಅಂಜಬೇಕಾದುದಿಲ್ಲ. ಆ ನಿಲ್ದಾಣವಿರುವ ತಗ್ಗು ಹಿಂದೆ ಧರ್ಮಾಂಬುಧಿಯೆಂಬ ಕೆರೆಯಾಗಿತ್ತು. ಊರಿಗೆ ನೀರುಣಿಸಿದ ಕೆರೆ ಬತ್ತಿ, ಅದರ ಅಂಗಳದ ಮೇಲೆ ಈಗ ಬಸ್ಸುಗಳು ನಿಲ್ಲುತ್ತವೆ. ಇಂದು ಆ ಪಟ್ಟಣವು ಸುಮಾರು ನೂರು ಕಿಲೋಮೀಟರು ದೂರದ ಕಾವೇರಿಯಿಂದ ನೀರನ್ನು ಮೇಲೆತ್ತಿ ತರಿಸಿಕೊಂಡು ಕುಡಿಯುತ್ತದೆ. ಬತ್ತಿದ ಕೆರೆಯ ಬೆಲೆ ನಮ್ಮ ಸೀಮೆಯವರಿಗೆ ಯಾರೂ ಹೇಳಿಕೊಡಬೇಕಾದುದಿಲ್ಲವಷ್ಟೆ.

ಆದರೆ ಇದೊಂದೂ ಅಂದು ನನ್ನ ಮನಸ್ಸಿಗೆ ಬರಲಿಲ್ಲ. ನನ್ನ ಚೀಟಿಯಲ್ಲಿ ಹದಿನಾಲ್ಕು ಸ್ಥಳಗಳ ಹೆಸರುಗಳಿದ್ದವು. ಎಲ್ಲವನ್ನೂ ಮೂರು ದಿನಗಳಲ್ಲಿ ಮುಗಿಸಬೇಕೆಂಬ ಅವಸರ. ವಿಧಾನಸೌಧದ ಮುಂದೆ ಐದು ನಿಮಿಷ, ಮಹಾತ್ಮಾ ಗಾಂಧಿ ರಸ್ತೆಯಲ್ಲಿ ಹತ್ತು ನಿಮಿಷ, ಬಳಿಕ ಮತ್ತೊಂದು ಬಸ್ಸು. ಮಧ್ಯಾಹ್ನ ಹತ್ತಿದ ಬಸ್ಸಿನ ಸಂಖ್ಯೆ ಸರಿಯಾಗಿತ್ತು, ದಿಕ್ಕು ತಪ್ಪಾಗಿತ್ತು. ಕೇಳಲು ನಾಚಿಕೊಂಡು ಕೊನೆಯ ನಿಲ್ದಾಣದವರೆಗೂ ಕುಳಿತೆನು. ಮಕ್ಕಳಿಗೆ "ತಿಳಿಯದಿದ್ದರೆ ಕೇಳಿರಿ" ಎಂದು ಇಪ್ಪತ್ತು ವರ್ಷಗಳಿಂದ ಹೇಳುತ್ತಿದ್ದವಳು ಕಂಡಕ್ಟರನ್ನು ಒಂದು ಮಾತು ಕೇಳಲಿಲ್ಲ! ರಾತ್ರಿ ದಿನಚರಿಯನ್ನು ತೆರೆದಾಗ ಬರೆಯಲು ಬಸ್ಸುಗಳ ಸಂಖ್ಯೆಗಳ ಹೊರತು ಬೇರೇನೂ ಇರಲಿಲ್ಲ.

ಎರಡನೆಯ ದಿನ

ಮರುದಿನ ಚೀಟಿಯನ್ನು ಮಡಿಸಿಟ್ಟು, ಕಬ್ಬನ್ ಪಾರ್ಕ್ ಒಂದನ್ನೇ ಕಾಲ್ನಡಿಗೆಯಿಂದ ನೋಡಲು ನಿಶ್ಚಯಿಸಿದೆನು. 1870ರಲ್ಲಿ ಏರ್ಪಟ್ಟ ಈ ಉದ್ಯಾನದ ಅಂಚಿನಲ್ಲಿ ಕೆಂಪು ಬಣ್ಣದ ಅಠಾರಾ ಕಚೇರಿಯುಂಟು. ಹದಿನೆಂಟು ಇಲಾಖೆಗಳಿಗಾಗಿ 1868ರಲ್ಲಿ ಮುಗಿದ ಆ ಕಟ್ಟಡದಲ್ಲಿ ಈಗ ಉಚ್ಚ ನ್ಯಾಯಾಲಯವಿದೆ. ಅದಕ್ಕೆ ಎದುರಾಗಿ ವಿಧಾನಸೌಧ. 1951ರಲ್ಲಿ ಅಡಿಗಲ್ಲು ಬಿದ್ದು, ಬಹುಮಟ್ಟಿಗೆ ಕೆಂಗಲ್ ಹನುಮಂತಯ್ಯನವರ ಕಾಲದಲ್ಲಿ ಮೇಲೆದ್ದು, 1956ರಲ್ಲಿ ಪೂರ್ತಿಯಾಯಿತು. ಹಿಂದಿನ ದಿನ ಐದು ನಿಮಿಷ ಕಂಡುದನ್ನು ಅಂದು ಒಂದು ಗಂಟೆ ಕಂಡೆನು. ಅದನ್ನು ಕಟ್ಟಿದ ಸಾವಿರಾರು ಕೈಗಳಲ್ಲಿ ಸೆರೆಮನೆಯ ಕೈದಿಗಳ ಕೈಗಳೂ ಇದ್ದವೆಂಬುದನ್ನು ನೆನೆದಾಗ, ಗೋಡೆಯ ಒಂದೊಂದು ಕಲ್ಲೂ ಬೇರೆಯಾಗಿ ಕಂಡಿತು.

ಅಲ್ಲಿಂದ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋದೆನು. 1865ರಲ್ಲಿ ಆರಂಭವಾದ ಈ ಸಂಸ್ಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದುದು ಆತಕೂರಿನ ಶಾಸನ. ಕ್ರಿ.ಶ. 949-50ರ ಸುಮಾರಿನ ಈ ಕನ್ನಡ ಶಾಸನದಲ್ಲಿ, ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನು ಮಡಿದ ಸಂಗತಿಯಿದೆ. ಅದರೊಡನೆಯೇ ಒಂದು ನಾಯಿಯ ಕಥೆಯೂ ಇದೆ. ಮಣಲೇರನೆಂಬ ವೀರನು ತನ್ನ ಒಡೆಯನಿಂದ ಬಹುಮಾನವಾಗಿ ಬೇಡಿ ಪಡೆದುದು ಕಾಳಿಯೆಂಬ ಬೇಟೆನಾಯಿಯನ್ನು. ಆ ನಾಯಿ ಕಾಡುಹಂದಿಯೊಡನೆ ಹೋರಾಡಿ, ಎರಡೂ ಒಟ್ಟಿಗೆ ಸತ್ತವು. ನಾಯಿಗಾಗಿ ಕಲ್ಲು ನಿಲ್ಲಿಸಿ, ಅದಕ್ಕೆ ಭೂಮಿಯನ್ನೂ ಬಿಟ್ಟರು. ಕಲ್ಲಿನ ಮೇಲೆ ನಾಯಿ ಹಂದಿಗಳ ಕಾದಾಟವನ್ನು ಕೆತ್ತಿದೆ. ನೀವು ಇತಿಹಾಸವನ್ನು ರಾಜರ ಹೆಸರುಗಳ ಪಟ್ಟಿಯೆಂದು ಬೇಸರಪಡುವಾಗಲೆಲ್ಲ ನಾನು ಈ ಕಾಳಿಯ ಕಥೆಯನ್ನು ಹೇಳುವುದುಂಟಷ್ಟೆ. ಅದನ್ನು ತಂದುದು ಅಲ್ಲಿಂದಲೇ. ಆ ರಾತ್ರಿ ದಿನಚರಿಯಲ್ಲಿ ನಾಲ್ಕು ಪುಟಗಳು ತುಂಬಿದವು.

ಮೂರನೆಯ ದಿನ

ಅಂದು ಭಾನುವಾರ. ಬೆಳಿಗ್ಗೆ ಕೃಷ್ಣರಾಜೇಂದ್ರ ಮಾರುಕಟ್ಟೆಯ ಹೂವಿನ ರಾಶಿಗಳ ನಡುವೆ ನಡೆದು, ಹಡಗಲಿಯ ಮಲ್ಲಿಗೆಯನ್ನು ನೆನೆದುಕೊಂಡೆನು. ಹತ್ತಿರದಲ್ಲೇ 1791ರಲ್ಲಿ ಮುಗಿದ ಟಿಪ್ಪುವಿನ ಬೇಸಗೆಯ ಅರಮನೆಯ ತೇಗದ ಕಂಬಗಳನ್ನು ನೋಡಿದೆನು. ಬಳಿಕ ಬಸ್ಸಿಗಾಗಿ ನಿಂತಿರುವಾಗ ಮಗ್ಗುಲಲ್ಲಿ ನಮ್ಮ ಸೀಮೆಯ ಮಾತು ಕೇಳಿಬಂದಿತು. ಹರಪನಹಳ್ಳಿಯ ಕಡೆಯ ಒಬ್ಬ ತಾಯಿ. ಜೊತೆಗೆ ಹನ್ನೆರಡು ವಯಸ್ಸಿನ ಮಗಳು. ಸಂತೆಯ ಚೀಲ ಇಬ್ಬರ ಕೈಯಲ್ಲಿಯೂ ಇತ್ತು. ನಾನು ಯಾರೆಂದು ತಿಳಿದೊಡನೆ ಆಕೆ, "ಅಕ್ಕಾರ, ಏನೇನು ನೋಡಿದ್ರಿ?" ಎಂದು ಕೇಳಿದಳು. ಹೇಳಿದೆನು. "ನೀವು ಏನು ನೋಡಿದಿರಿ, ತಾಯಿ?" ಎಂದು ನಾನು ಕೇಳಲು, "ಆರು ವರ್ಷ ಆತ್ರಿ ಬಂದು. ನಾವು ಕಟ್ಟಾಕ ಬಂದೋರು ಅಕ್ಕಾರ, ನೋಡಾಕ ಬಂದೋರಲ್ಲ" ಎಂದಳು.

ಈ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಅಂದು ಅವರಿಗೆ ಕೆಲಸದ ಬಿಡುವಿದ್ದುದರಿಂದ ಮೂವರೂ ಕೂಡಿ ಲಾಲ್‌ಬಾಗಿಗೆ ಹೋದೆವು. ಹೈದರ್ ಅಲಿಯು 1760ರಲ್ಲಿ ಆರಂಭಿಸಿದ ಆ ತೋಟದಲ್ಲಿ ಗಾಜಿನ ಮನೆಯನ್ನು ನೋಡಿ, ಕೆಂಪೇಗೌಡನ ಗೋಪುರವಿರುವ ಬಂಡೆಯನ್ನು ಹತ್ತಿದೆವು. ಸುಮಾರು ಮುನ್ನೂರು ಕೋಟಿ ವರ್ಷಗಳಷ್ಟು ಹಳೆಯದೆಂದು ಭೂಗರ್ಭಶಾಸ್ತ್ರಜ್ಞರು ಹೇಳುವ ಆ ಬಂಡೆಯ ಮೇಲೆ ಅಂಗೈಯಿಟ್ಟು ಹುಡುಗಿ, "ಅವ್ವಾ, ನಮ್ಮೂರ ಗುಡ್ಡ ಇದ್ದಂಗ ಐತಿ" ಎಂದಳು. ತಾಯಿಯು ದೂರದ ಎತ್ತರವಾದ ಕಟ್ಟಡಗಳನ್ನು ಬೆರಳಿನಿಂದ ತೋರಿಸಿ, ಯಾವುದರಲ್ಲಿ ಏಳನೆಯ ಅಂತಸ್ತಿಗೆ ಇಟ್ಟಿಗೆ ಹೊತ್ತಳು, ಯಾವುದರಲ್ಲಿ ಗಂಡನು ಗಾರೆ ಹಾಕಿದನು, ಯಾವುದರ ಕೂಲಿ ಇನ್ನೂ ಬರಬೇಕಾಗಿದೆ ಎಂಬುದನ್ನೆಲ್ಲ ವಿವರಿಸಿದಳು. ನನ್ನ ಕೈಪಿಡಿಯಲ್ಲಿ ಇಲ್ಲದ ಬೆಂಗಳೂರು ಅದು. ಆ ಹೊತ್ತಿನಲ್ಲಿ ಆಕೆಯೇ ಅಕ್ಕಾರು, ನಾನು ವಿದ್ಯಾರ್ಥಿನಿ.

ಹುಡುಗಿಯು ಐದನೆಯ ತರಗತಿಯಲ್ಲಿ ಶಾಲೆಯನ್ನು ಬಿಟ್ಟಿದ್ದಳು. ನಮ್ಮ ಶಾಲೆಯ ಹೆಸರನ್ನೂ ವಿದ್ಯಾರ್ಥಿನಿಲಯದ ವಿಷಯವನ್ನೂ ಒಂದು ಹಾಳೆಯಲ್ಲಿ ಬರೆದುಕೊಟ್ಟೆನು. ಅವಳು ಅದನ್ನು ಒಂದೊಂದಕ್ಷರವಾಗಿ ಓದಿ ನಾಲ್ಕಾಗಿ ಮಡಿಸಿದಳು. ಆದರೆ ಅವರಿರುವ ಸ್ಥಳದ ವಿಳಾಸವನ್ನಾಗಲಿ ಫೋನಿನ ಸಂಖ್ಯೆಯನ್ನಾಗಲಿ ಕೇಳಿ ಬರೆದುಕೊಳ್ಳಲು ನಾನು ಮರೆತೆನು. ಆ ಪ್ರವಾಸದಲ್ಲಿ ನಾನು ಮಾಡಿದ ದೊಡ್ಡ ತಪ್ಪು ಬಸ್ಸಿನದಲ್ಲ, ಇದು. ಪ್ರತಿ ವರ್ಷ ದಾಖಲಾತಿಯ ಪುಸ್ತಕವನ್ನು ತೆರೆಯುವಾಗ ಆ ಮಡಿಸಿದ ಹಾಳೆ ಬರುವುದೋ ಎಂದು ಬಾಗಿಲ ಕಡೆಗೆ ನೋಡುತ್ತೇನೆ.

ಈ ಪಾಠದ ಸಾರ

1. ಇಳಿದುಕೊಳ್ಳುವ ಸ್ಥಳವನ್ನು ಮೊದಲೇ ಗೊತ್ತುಮಾಡಿಕೊಂಡು, ಅದರ ವಿಳಾಸವನ್ನು ಮನೆಯಲ್ಲಿಯೂ ಕೊಟ್ಟು ಹೊರಡತಕ್ಕದ್ದು.

2. ಒಂದು ದಿನಕ್ಕೆ ಒಂದೇ ದಿಕ್ಕು. ಹತ್ತನ್ನು ದಾಟಿಹೋಗುವುದಕ್ಕಿಂತ ಎರಡನ್ನು ನಿಂತು ನೋಡುವುದು ಮೇಲು.

3. ಬಸ್ಸಿನ ಸಂಖ್ಯೆಯೊಡನೆ ದಿಕ್ಕನ್ನೂ ಕೇಳಿರಿ. ಒಬ್ಬರು ಹೇಳಿದುದನ್ನು ಇನ್ನೊಬ್ಬರಲ್ಲಿ ವಿಚಾರಿಸಿಕೊಳ್ಳಿರಿ. ಕೇಳಲು ನಾಚಬೇಡಿರಿ.

4. ಕತ್ತಲಾಗುವ ಮುನ್ನ ವಸತಿಗೆ ಹಿಂದಿರುಗಿರಿ. ಆಪತ್ತಿನಲ್ಲಿ 112ಕ್ಕೆ ಕರೆಮಾಡಿರಿ.

5. ಕಂಡುದನ್ನು ಅದೇ ರಾತ್ರಿ ಬರೆದಿಡಿರಿ. ಭೇಟಿಯಾದವರ ವಿಳಾಸವನ್ನು ಮರೆಯಬೇಡಿರಿ.

ನಾನು ಹೋದಾಗ ಟಿಕೆಟ್ಟಿನ ಹಣವನ್ನು ಕೂಡಿಡಬೇಕಾಗಿತ್ತು. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯು ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ರಾಜ್ಯದ ಹೆಂಗಸರಿಗೆ ಉಚಿತ ಪ್ರಯಾಣವನ್ನು ಕೊಟ್ಟಿತು. ಪಟ್ಟಣದೊಳಗೆ 2011ರ ಅಕ್ಟೋಬರ್ 20ರಿಂದ ಮೆಟ್ರೋ ರೈಲೂ ಓಡುತ್ತಿದೆ. ದಾರಿ ಸುಲಭವಾಯಿತು, ಕಣ್ಣನ್ನು ಮಾತ್ರ ನೀವೇ ಕೊಂಡೊಯ್ಯಬೇಕು. ನಾಳೆ ನಿಮ್ಮಲ್ಲಿ ಹಲವರು ಕಾಲೇಜಿಗೋ, ದಾದಿಯರ ಶಿಕ್ಷಣಕ್ಕೋ, ಕೆಲಸಕ್ಕೋ ಅಲ್ಲಿಗೆ ಹೋಗುವಿರಿ. ಅಂಜುತ್ತ ಹೋಗಬೇಡಿರಿ. ಆ ಪಟ್ಟಣದ ಗೋಡೆಗಳಲ್ಲಿ ನಿಮ್ಮ ಊರವರ ಬೆವರು ಇದೆ. ಅದನ್ನು ನೋಡುವ ಹಕ್ಕೂ ನಿಮಗಿದೆ.

ಅಭ್ಯಾಸ

1. ನಿಮ್ಮ ಊರಿನಿಂದ ಗುಳೆ ಹೋಗಿಬಂದ ಒಬ್ಬರನ್ನು ಕೇಳಿ, ಅವರು ಕಟ್ಟಿದ ಒಂದು ಕಟ್ಟಡದ ವಿಷಯವಾಗಿ ಹತ್ತು ವಾಕ್ಯಗಳನ್ನು ಬರೆಯಿರಿ.

2. ನಿಮ್ಮ ಊರನ್ನೇ ಹೊರಗಿನವಳೊಬ್ಬಳು ಒಂದು ದಿನದಲ್ಲಿ ನೋಡಬೇಕಾದರೆ, ಯಾವ ಎರಡು ಸ್ಥಳಗಳನ್ನು ತೋರಿಸುವಿರಿ? ಕಾರಣ ಕೊಡಿರಿ.