ರಾಹುಕಾಲ ನೋಡುವ ಬಗೆ

ಆಷಾಢ ಶುಕ್ರವಾರ ಹೂಟಗಳ್ಳಿ ಕಡೆಯಿಂದ ಚಾಮುಂಡಿಬೆಟ್ಟಕ್ಕೆ ಬರುವ ಭಕ್ತಾದಿಗಳು, "ಹತ್ತೂವರೆಗೆ ರಾಹುಕಾಲ ಬಂದ್ಬಿಡುತ್ತೆ, ಬೇಗ ಹೊರಡಿ" ಅನ್ನುವುದುಂಟು. ಈ ಹತ್ತೂವರೆ ಬೆಳಿಗ್ಗೆ 6ಕ್ಕೆ ಸೂರ್ಯೋದಯ, ಸಂಜೆ 6ಕ್ಕೆ ಸೂರ್ಯಾಸ್ತ ಎಂದು ಹಿಡಿದ ಲೆಕ್ಕ. ಸರಿಯಾದ ಕ್ರಮದಲ್ಲಿ ಆ ದಿನದ ಹಗಲನ್ನೇ 8 ಭಾಗ ಮಾಡಬೇಕು. ಶುಕ್ರವಾರಕ್ಕೆ 4ನೆಯ ಭಾಗ ರಾಹುಕಾಲ. ಆಷಾಢದಲ್ಲಿ ಮೈಸೂರಿನ ಹಗಲು ಸುಮಾರು 12 ಗಂಟೆ 50 ನಿಮಿಷ. ಆಗ ರಾಹುಕಾಲ ಹೆಚ್ಚುಕಡಿಮೆ 10-50ರಿಂದ 12-25. ಮೈಸೂರಿನಿಂದ ಹೊರಡುವ ಒಂಟಿಕೊಪ್ಪಲ್ ಪಂಚಾಂಗವೋ ಬೇರೆಯದೋ, ಮನೆಯಲ್ಲಿರುವುದರಲ್ಲಿ ಅಂದಿನ ಸೂರ್ಯೋದಯ, ಸೂರ್ಯಾಸ್ತ ನೋಡಿಕೊಳ್ಳಿ.

ರಾಹುಕಾಲ ವರ್ಜ್ಯವೆಂಬುದು ಹೊಸ ಕೆಲಸದ ಆರಂಭಕ್ಕೆ. ದೇವೀದರ್ಶನಕ್ಕೆ ಅಡ್ಡಿಯಿಲ್ಲ. ನಮ್ಮಲ್ಲೂ ತಮಿಳುನಾಡಿನಲ್ಲೂ ರಾಹುಕಾಲದಲ್ಲೇ ದುರ್ಗೆಗೆ ನಿಂಬೆಹಣ್ಣಿನ ದೀಪ ಹಚ್ಚುತ್ತಾರೆ. ಆದ್ದರಿಂದ ಸರದಿಯಲ್ಲಿ ಗಾಬರಿಪಟ್ಟು ವೃದ್ಧರನ್ನೂ ಮಕ್ಕಳನ್ನೂ ನೂಕಬೇಡಿ. ತಾಯಿ ಎಲ್ಲರಿಗೂ ಒಳ್ಳೆಯದು ಮಾಡಲಿ.